ವೃತ್ತದೊಳಗಿನ ಬಿಲ್ಲು
(ಬಾನುಲಿ ಭಾಷಣ)



ಕನ್ನಡ ಪಾಠ ಹೇಳಿಕೊಂಡು ಬಾಳು ಸವೆಸಿದವನೊಬ್ಬ ತ್ರಿಕೋನಮಿತಿಯ ವಿಷಯವಾಗಿ ಮಾತನಾಡಹೊರಟರೆ ನಿಮ್ಮಲ್ಲಿ ಕೆಲವರಾದರೂ ಹುಬ್ಬೇರಿಸುವುದು ಸಹಜ. ಇದು ಅಧಿಕಪ್ರಸಂಗವೆಂದು ನನಗೂ ಅನ್ನಿಸದೆ ಇಲ್ಲ. ಆದರೆ ಐವತ್ತು ವರ್ಷಗಳ ಹಳೆಯ ಸಾಲವೊಂದು ನನ್ನ ಮೇಲಿದೆ. ಅದನ್ನು ಇಂದು ತೀರಿಸಬೇಕಾಗಿದೆ.

ನಾನು ಹೈಸ್ಕೂಲಿನಲ್ಲಿದ್ದಾಗ ನಮಗೆ ಸೈನ್ ಎಂಬುದನ್ನು ಕಲಿಸಿದರು. ಲಂಬಕೋನ ತ್ರಿಭುಜವೊಂದನ್ನು ಬರೆದು, ಕೋನಕ್ಕೆ ಎದುರಾದ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಬರುವುದೇ ಆ ಕೋನದ ಸೈನ್ ಎಂದರು. ತಿಳಿಯಿತು. ಮರುದಿನ ಕಪ್ಪುಹಲಗೆಯ ಮೇಲೆ ಒಂದು ಕೋಷ್ಟಕ ಮೂಡಿತು: 0, 30, 45, 60, 90 ಡಿಗ್ರಿ. 90ರ ಕೆಳಗೆ 1 ಎಂದು ಬರೆದಿತ್ತು. ನಾನು ಎದ್ದು ನಿಂತು, "ಸಾರ್, ತ್ರಿಭುಜದಲ್ಲಿ ಒಂದು ಲಂಬಕೋನ ಆಗಲೇ ಇದೆ. ಮತ್ತೊಂದು ಕೋನವೂ 90 ಆಗಿಬಿಟ್ಟರೆ ತ್ರಿಭುಜ ಉಳಿಯುವುದು ಹೇಗೆ?" ಎಂದೆ. "ಪರೀಕ್ಷೆಗೆ ಬರುತ್ತದೆ, ಬಾಯಿಪಾಠ ಮಾಡು" ಎಂಬ ಉತ್ತರ ಬಂತು. ತರಗತಿ ನಕ್ಕಿತು. ನಾನು ಕುಳಿತೆ. ಅಂದಿನಿಂದ ಗಣಿತದ ತರಗತಿಯಲ್ಲಿ ನಾನು ಎದ್ದು ನಿಲ್ಲಲಿಲ್ಲ. ಮುಂದೆ ಕನ್ನಡಕ್ಕೆ ಬಂದೆ. ಅದಕ್ಕಾಗಿ ನನಗೆ ವಿಷಾದವಿಲ್ಲ. ಆದರೆ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಿತು.

ಕಳೆದ ವರ್ಷ ಹತ್ತನೆಯ ತರಗತಿಯ ನನ್ನ ಮೊಮ್ಮಗಳು ಅದೇ ಕೋಷ್ಟಕವನ್ನು ಹಿಡಿದು ಬಂದಳು. "ತಾತ, ಇದು ಹೇಗೆ 1 ಆಗುತ್ತೆ? ನೀನೇ ಹೇಳು" ಎಂದಳು. ಬಾಯಿಪಾಠ ಮಾಡು ಎನ್ನಲು ನನಗೆ ನಾಲಗೆ ಏಳಲಿಲ್ಲ. ದಾರಿ ಕಾಣದಾದಾಗ ಪದದ ಮೂಲಕ್ಕೆ ಹೋಗುವುದು ನಮ್ಮ ಕಸುಬಿನವರ ಅಭ್ಯಾಸ. ಅವಳ ಪುಸ್ತಕದಲ್ಲಿ, ವೃತ್ತದ ಕೇಂದ್ರದಿಂದ ಅಂಚಿಗೆ ಎಳೆದ ಗೆರೆಗೆ 'ತ್ರಿಜ್ಯ' ಎಂದು ಬರೆದಿತ್ತು. ನಾವೆಲ್ಲ ಬಲ್ಲ ಪದವೇ. 'ತ್ರಿ' ಎಂದರೆ ಮೂರು. 'ಜ್ಯಾ' ಎಂದರೆ ಬಿಲ್ಲಿನ ಹೆದೆ. ಇರುವುದು ಒಂದೇ ಗೆರೆ; ಅದಕ್ಕೆ 'ಮೂರು' ಏಕೆ, 'ಹೆದೆ' ಏಕೆ?

ಇಲ್ಲಿಂದ ಕಥೆ ಬಿಚ್ಚಿಕೊಳ್ಳುತ್ತದೆ. ನಮ್ಮ ಪ್ರಾಚೀನ ಜ್ಯೋತಿರ್ಗಣಿತಜ್ಞರು ತ್ರಿಭುಜದಿಂದ ಹೊರಡಲಿಲ್ಲ, ವೃತ್ತದಿಂದ ಹೊರಟರು. ವೃತ್ತದ ಒಂದು ತುಣುಕು ಅವರ ಕಣ್ಣಿಗೆ ಬಿಲ್ಲಾಗಿ ಕಂಡಿತು. ಅದನ್ನು 'ಚಾಪ' ಎಂದರು. ಬಿಲ್ಲಿನ ಎರಡು ತುದಿಗಳನ್ನು ಕೂಡಿಸುವ ನೇರಗೆರೆ ಜ್ಯಾ, ಅಂದರೆ ಹೆದೆ. ಹೆದೆಯ ನಡುವಿನಿಂದ ಬಿಲ್ಲಿನ ನಡುವಿಗೆ ಹೋಗುವ ಗೆರೆ 'ಶರ', ಅಂದರೆ ಬಾಣ. ಗ್ರೀಕರ ಟಾಲೆಮಿ ಇಡೀ ಹೆದೆಯನ್ನು ಲೆಕ್ಕಕ್ಕೆ ಹಿಡಿದಿದ್ದ. ನಮ್ಮವರು ಅರ್ಧ ಹೆದೆಯನ್ನು ಹಿಡಿದರು. 476ರಲ್ಲಿ ಹುಟ್ಟಿದ ಆರ್ಯಭಟನು 499ರ ತನ್ನ 'ಆರ್ಯಭಟೀಯ'ದಲ್ಲಿ 90 ಡಿಗ್ರಿಯನ್ನು 24 ಪಾಲು ಮಾಡಿ ಅರ್ಧಜ್ಯಾಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಬರಬರುತ್ತ 'ಅರ್ಧ' ಉದುರಿ ಬರಿಯ 'ಜ್ಯಾ' ಉಳಿಯಿತು. ಇಂದಿನ ಸೈನ್ ಅದೇ.

ಈಗ ಮನಸ್ಸಿನಲ್ಲಿಯೇ ಒಂದು ವೃತ್ತವನ್ನು ಬರೆದುಕೊಳ್ಳಿ. ಕೇಂದ್ರದಿಂದ ಬಲಕ್ಕೆ ಅಡ್ಡಗೆರೆಯೊಂದಿರಲಿ. ಅದರ ಮೇಲೆ ಮಲಗಿರುವ ತ್ರಿಜ್ಯವು, ಜಾತ್ರೆಯ ತಿರುಗುವ ತೊಟ್ಟಿಲಿನ ತೋಳಿನಂತೆ, ಮೆಲ್ಲಗೆ ಮೇಲಕ್ಕೇಳಲಿ. ಅಡ್ಡಗೆರೆಯಿಂದ ಅದರ ತುದಿ ಎಷ್ಟು ಎತ್ತರದಲ್ಲಿದೆಯೋ ಅದೇ ಜ್ಯಾ. ತುದಿ 30 ಡಿಗ್ರಿ ಏರಿದಾಗ, ಅಡ್ಡಗೆರೆಯ ಕೆಳಗೂ ಅಷ್ಟೇ ಸೇರಿಸಿಕೊಂಡರೆ 60 ಡಿಗ್ರಿಯ ಬಿಲ್ಲು. ಅದರ ಹೆದೆ ತ್ರಿಜ್ಯದಷ್ಟೇ ಉದ್ದ. ಕೈವಾರದಿಂದ ವೃತ್ತದೊಳಗೆ ಆರು ದಳದ ಹೂ ಬಿಡಿಸಿದ ಯಾವ ಮಗುವಿಗೂ ಇದು ಗೊತ್ತು. ಹಾಗಾದರೆ ಅರ್ಧ ಹೆದೆಯೆಂದರೆ ತ್ರಿಜ್ಯದ ಅರ್ಧ. 30ರ ಸೈನ್ ಅರ್ಧವಾಗುವುದು ಹೀಗೆ.

ತುದಿ ಇನ್ನೂ ಏರಿ 90 ಮುಟ್ಟಿತೆನ್ನಿ. ಈಗ ಅರ್ಧವೃತ್ತವೇ ಬಿಲ್ಲು, ವ್ಯಾಸವೇ ಹೆದೆ; ಅದರ ಅರ್ಧ ಸಾಕ್ಷಾತ್ ತ್ರಿಜ್ಯ. ತ್ರಿಭುಜ ಮಡಿಚಿಕೊಂಡು ಮಾಯವಾಗಿದೆ, ನಿಜ. ಹೆದೆ ಮಾತ್ರ ಮಾಯವಾಗಿಲ್ಲ. ವೃತ್ತಕ್ಕೆ ಹನ್ನೆರಡು ರಾಶಿ, ರಾಶಿಗೆ 30 ಡಿಗ್ರಿ. ಮೂರು ರಾಶಿ ಕೂಡಿದರೆ 90. ಮೂರು ರಾಶಿಗಳ ಜ್ಯಾ ಯಾವುದೋ ಅದು ತ್ರಿರಾಶಿಜ್ಯಾ, ಅದೇ ಮೊಟಕಾಗಿ ತ್ರಿಜ್ಯಾ. ನನ್ನ ಪ್ರಶ್ನೆಗೆ ಉತ್ತರ, ಅಂದು ನನ್ನ ಪುಸ್ತಕದಲ್ಲಿಯೇ ಕನ್ನಡ ಲಿಪಿಯಲ್ಲಿ ಅಚ್ಚಾಗಿತ್ತು!

ಆರ್ಯಭಟನು ತ್ರಿಜ್ಯವನ್ನು 3438 ಎಂದು ಎಣಿಸಿದ್ದ. ವೃತ್ತದ ಸುತ್ತಳತೆ 21600 ಕಲೆಗಳಾದರೆ ತ್ರಿಜ್ಯ ಹೆಚ್ಚುಕಡಮೆ ಅಷ್ಟಾಗುತ್ತದೆ. 1748ರಲ್ಲಿ ಆಯ್ಲರ್ ಎಂಬ ಗಣಿತಜ್ಞ ತನ್ನ ಮಹಾಗ್ರಂಥದಲ್ಲಿ ಅದನ್ನು 1 ಎಂದೇ ಇಟ್ಟುಕೊಂಡ. ತ್ರಿಜ್ಯ 1 ಆದರೆ ಭಾಗಿಸುವ ಗೊಡವೆಯೇ ಇಲ್ಲ, ಎತ್ತರವೇ ಸೈನ್. ಇದೇ ಏಕಮಾನ ವೃತ್ತ.

ಇನ್ನು ಹೆಸರಿನ ಪಯಣ. ಜ್ಯಾ ಎಂಬುದಕ್ಕೆ 'ಜೀವಾ' ಎಂಬ ಪರ್ಯಾಯವೂ ಉಂಟು. ಅದು ಅರಬ್ಬೀ ಭಾಷೆಗೆ 'ಜೀಬ' ಎಂದು ಹೋಯಿತು. ಆ ಬರಹದಲ್ಲಿ ಸ್ವರಗಳನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲವಾಗಿ, ಓದುವವರು ಅದನ್ನು 'ಜೈಬ್' ಎಂದುಕೊಂಡರು. ಜೈಬ್ ಎಂದರೆ ಎದೆ, ಉಡುಪಿನ ಎದೆಭಾಗದ ಮಡಿಕೆ. 12ನೆಯ ಶತಮಾನದಲ್ಲಿ ಲ್ಯಾಟಿನ್ನಿಗೆ ತಂದವರು ಅದೇ ಅರ್ಥದ 'ಸೈನಸ್' ಎಂಬ ಪದವನ್ನು ಇಟ್ಟರು. ಹೀಗೆ ಹೆದೆ ಎದೆಯಾಯಿತು! ಕನ್ನಡದಲ್ಲಿ ಇವೆರಡರ ನಡುವೆ ಒಂದು ಹಕಾರದ ಅಂತರವಷ್ಟೆ. ಆ ಜೈಬ್ ಎಂಬ ಪದವೇ ಬೇರೊಂದು ದಾರಿಯಿಂದ ನಮ್ಮಲ್ಲಿಗೂ ಬಂದು 'ಜೇಬು' ಆಗಿ ನಮ್ಮ ಅಂಗಿಗಳಲ್ಲಿ ಕುಳಿತಿದೆ.

ಇಷ್ಟನ್ನು ಹೇಳಿ ಮುಗಿಸಿದಾಗ ಮೊಮ್ಮಗಳು ಸುಮ್ಮನಿರಲಿಲ್ಲ. "ಹಾಗಾದರೆ 120ಕ್ಕೂ ಸೈನ್ ಇರಬೇಕಲ್ಲ ತಾತ?" ಎಂದಳು. "ತಿರುಗಿಸಿ ನೋಡು ಮಗೂ" ಎಂದೆ. ತುದಿ ನೆತ್ತಿ ದಾಟಿ ಇಳಿಯತೊಡಗಿ 60ರಲ್ಲಿದ್ದ ಎತ್ತರಕ್ಕೇ ಬಂದಿತು. 180ರಲ್ಲಿ ಸೊನ್ನೆ, ಆಮೇಲೆ ಅಡ್ಡಗೆರೆಯ ಕೆಳಗೆ, ಋಣಸಂಖ್ಯೆ. ತ್ರಿಭುಜ ನಿಲ್ಲಿಸಿದ ಕಡೆ ವೃತ್ತ ನಿಲ್ಲುವುದಿಲ್ಲವೆಂಬುದನ್ನು ಅವಳು ತಾನೇ ಕಂಡುಕೊಂಡಳು.

ನನಗೆ ಆ ಕಾಲ ಮೀರಿತು. ಆದರೆ ಎದ್ದು ನಿಂತು ಕೇಳುವ ಮಕ್ಕಳು ಇಂದೂ ತರಗತಿಗಳಲ್ಲಿದ್ದಾರೆ. ಅವರನ್ನು ಕೂರಿಸುವ ಮುನ್ನ, ಪಾಠದಲ್ಲಿರುವ ಪದವನ್ನೊಮ್ಮೆ ಬಿಡಿಸಿ ನೋಡೋಣ. ಉತ್ತರ ಅಲ್ಲಿಯೇ ಕಾದಿರಬಹುದು.