ತಿರುಗಣಿ ಹೇಳುವ ಕಥೆ



“ಬೆಣ್ಣೆ ದೋಸೆ ಬಿಟ್ಟರೆ ನಮ್ಮೂರಿನಲ್ಲಿ ಏನಿದೆ ಮೇಡಂ?” ದಾವಣಗೆರೆಯ ಕಾಲೇಜೊಂದರಲ್ಲಿ ವಿದ್ಯಾರ್ಥಿಯೊಬ್ಬ ನನ್ನನ್ನು ಹೀಗೆ ಕೇಳಿದ. ಅವನ ದೃಷ್ಟಿಯಲ್ಲಿ ಚರಿತ್ರೆಯೆಂದರೆ ಹಂಪೆ, ಹಳೇಬೀಡು, ಶ್ರೀರಂಗಪಟ್ಟಣ. ಬಸ್ಸು ಹತ್ತಿ ಪ್ರವಾಸ ಹೋದಾಗ ಮಾತ್ರ ನೋಡುವಂಥದು. ಇಂದು ನಿಮಗೆ ಬಸ್ಸಿನ ಖರ್ಚಿಲ್ಲದ ಕಥೆಗಳನ್ನು ಹೇಳುತ್ತೇನೆ. ದಾವಣಗೆರೆಗೂ ಹರಿಹರಕ್ಕೂ ನಡುವೆ ಇರುವುದು ಸುಮಾರು 14 ಕಿಲೋಮೀಟರು. ಆ ದಾರಿಯಲ್ಲೇ ಇವೆಲ್ಲ ನಡೆದವು.

ಮೊದಲು ದಾವಣಗೆರೆಯನ್ನೇ ತೆಗೆದುಕೊಳ್ಳಿ. ಒಂದು ಕಾಲಕ್ಕೆ ಇದು ಪಕ್ಕದ ಬೇತೂರಿಗೆ ಸೇರಿದ ಸಣ್ಣ ಹಳ್ಳಿ. ಹೈದರಾಲಿ ಇದನ್ನು ಅಪ್ಪೋಜಿರಾಮ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಅಪ್ಪೋಜಿರಾಮ ವರ್ತಕರನ್ನು ಕರೆದು ನೆಲೆಗೊಳಿಸಿದ. ಅಲ್ಲಿಂದ ಊರಿನ ಅದೃಷ್ಟ ತಿರುಗಿತು. ಇಲ್ಲಿಂದ ಅಡಿಕೆ, ಮೆಣಸು ದೂರದ ಉತ್ತರ ಆರ್ಕಾಟಿನ ವಾಲಾಜಾಪೇಟೆಗೆ ಹೋಗುತ್ತಿದ್ದವು. ಅಲ್ಲಿಂದ ಉಪ್ಪೂ, ಪರದೇಶದ ಸರಕೂ ಇಲ್ಲಿಗೆ ಬರುತ್ತಿದ್ದವು. ಸುತ್ತಲಿನ ಹಳ್ಳಿಗಳ ಮುಖ್ಯ ಕಸುಬು ಕಂಬಳಿ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ತೆರೆದು ನೋಡಿ. ಇಲ್ಲಿನ ನಯವಾದ ಕೆಲವು ಕಂಬಳಿಗಳ ಬೆಲೆ 200ರಿಂದ 300 ರೂಪಾಯಿ ಎಂದು ಬರೆದಿದೆ. ಹತ್ತೊಂಬತ್ತನೆಯ ಶತಮಾನದ 300 ರೂಪಾಯಿ! ಕುರಿಯ ಉಣ್ಣೆಯನ್ನು ಕದಿರಿಗೆ ಹಚ್ಚಿ, ಆ ಕದಿರನ್ನು ತಿರುಗಿಸಿ ತಿರುಗಿಸಿ ಕೂದಲೆಳೆಯಂತೆ ನೂಲು ತೆಗೆದ ಕೈಗಳಿಗೆ ಸಂದ ಬೆಲೆ ಅದು. ಇಪ್ಪತ್ತನೆಯ ಶತಮಾನದಲ್ಲಿ ಇದೇ ಊರು ಹತ್ತಿಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿತು. ಒಂದು ಕದಿರಿನ ಬದಲು ಸಾವಿರಾರು ಕದಿರುಗಳು ಒಮ್ಮೆಗೇ ತಿರುಗಿದವು.

‘ತಿರುಗುವುದು’ ಎಂಬ ಈ ಮಾತನ್ನು ನೆನಪಿಟ್ಟುಕೊಳ್ಳಿ. ಹರಿಹರಕ್ಕೆ ಹೋಗೋಣ.

ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯವನ್ನು 1223-24ರಲ್ಲಿ ಕಟ್ಟಿಸಿದವನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೊಲಾಳ್ವ. 1268ರಲ್ಲಿ ಅದನ್ನು ವಿಸ್ತರಿಸಿದವನು ಸೋಮ ದಂಡನಾಯಕ. ಸೋಮನಾಥಪುರವನ್ನು ಕಟ್ಟಿಸಿದವನೂ ಇವನೇ. ಇಷ್ಟನ್ನು ಶಾಸನಗಳು ಹೇಳುತ್ತವೆ. ಅರ್ಧ ಹರಿ, ಅರ್ಧ ಹರನಾದ ಮೂರ್ತಿಯ ದರ್ಶನ ಮಾಡಿ ಜನ ಹೊರಟುಬಿಡುತ್ತಾರೆ. ನೀವು ಸ್ವಲ್ಪ ನಿಲ್ಲಿ. ಮಂಟಪದ ಕಂಬಗಳನ್ನು ನೋಡಿ.

ಕೆಲವು ವರ್ಷಗಳ ಹಿಂದೆ ನಮ್ಮ ತಂಡ ಅಲ್ಲಿ ಚಿತ್ರೀಕರಣಕ್ಕೆ ಹೋಗಿತ್ತು. ಸಂಜೆಯ ಹೊತ್ತು. ದೇವರಿಗೆ ಕೈಮುಗಿದು ಬಂದ ಹಿರಿಯರೊಬ್ಬರು ಕಂಬದ ಮೇಲಿನ ಉಂಗುರದಂಥ ಗೆರೆಗಳ ಮೇಲೆ ಬೆರಳಾಡಿಸುತ್ತ ನಿಂತಿದ್ದರು. “ಇದು ಉಳಿಯ ಕೆಲಸವಷ್ಟೇ ಅಲ್ಲ, ಟರ್ನಿಂಗ್” ಎಂದರು. “ಕಲ್ಲು ತಿರುಗುತ್ತಿತ್ತು, ಉಪಕರಣ ಒಂದೇ ಕಡೆ ನಿಂತಿತ್ತು. ಇಲ್ಲಿ ನೋಡಿ, ಇಲ್ಲಿ ಕೈ ತಡೆದಿದ್ದಾನೆ.” ಅವರು ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು.

ವಿಜ್ಞಾನ ಓದಿದ ನನಗೆ ಅಲ್ಲಿಯವರೆಗೆ ಅದು ಹೊಳೆದಿರಲಿಲ್ಲ. ಹೊಯ್ಸಳರ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಅಂಥ ಕಲ್ಲನ್ನು ತಿರುಗಣಿಗೆ ಏರಿಸಿ ಕಡೆಯಬಹುದು. ಪರೀಕ್ಷಿಸುವ ಆಸೆಯೇ? ದೇವಾಲಯದವರ ಅನುಮತಿ ಪಡೆದು ಒಂದು ದಾರವನ್ನು ಉಂಗುರದ ಸುತ್ತ ಹಿಡಿಯಿರಿ. ಸುತ್ತಳತೆಯನ್ನು 3.14ರಿಂದ ಭಾಗಿಸಿ. ಅದೇ ಉಂಗುರದ ಅಡ್ಡಳತೆಯನ್ನು ಎರಡು ಮೂರು ದಿಕ್ಕಿನಿಂದ ತೆಗೆದು ಹೋಲಿಸಿ. ಅಳತೆಗಳು ಎಲ್ಲ ಕಡೆ ಒಂದಾದರೆ ಅದು ಸರಿಯಾದ ವೃತ್ತ. ಕಲ್ಲಿಗೆ ಗೀಚುವುದು ಮಾತ್ರ ಬೇಡ.

ಈಗ ಸ್ವಾರಸ್ಯ ನೋಡಿ. ಆ ಕಂಬಗಳು ಎದ್ದು ಏಳು ಶತಮಾನ ಕಳೆದ ಮೇಲೆ, 1941ರಲ್ಲಿ, ಅದೇ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾಯಿತು. ಅದು ತಯಾರಿಸಿದ್ದು ಲೇತ್‌ಗಳನ್ನು, ಅಂದರೆ ಕಬ್ಬಿಣವನ್ನು ಕಡೆಯುವ ತಿರುಗಣಿಗಳನ್ನು! ಬಡಾವಣೆಯ ಹೆಸರೇ ಯಂತ್ರಪುರವಾಯಿತು. ಲೇತನ್ನು ಯಂತ್ರಗಳ ತಾಯಿ ಎನ್ನುತ್ತಾರೆ. ಬೇರೆ ಯಂತ್ರದ ಭಾಗಗಳನ್ನು ಮಾಡುವುದಲ್ಲದೆ ಇನ್ನೊಂದು ಲೇತಿನ ಭಾಗಗಳನ್ನೂ ಅದು ಮಾಡಬಲ್ಲದು. ಲಂಡನ್ನಿನಲ್ಲಿ ಹೆನ್ರಿ ಮಾಡ್ಸ್‌ಲೇ ಕರಾರುವಾಕ್ಕಾಗಿ ತಿರುಪು ಕೊರೆಯುವ ಲೇತನ್ನು ರೂಪಿಸಿದ್ದು ಸುಮಾರು 1800ರಲ್ಲಿ. ಆಮೇಲಿನ ಯಂತ್ರಯುಗ ಬಹುಮಟ್ಟಿಗೆ ಅದರ ಮೇಲೆ ನಿಂತಿದೆ. ಹರಿಹರದ ‘ಎಂಟರ್‌ಪ್ರೈಸ್’, ‘ಟರ್ನ್‌ಮಾಸ್ಟರ್’ ಲೇತ್‌ಗಳ ಹೆಸರು ನಮ್ಮ ದೇಶದ ವರ್ಕ್‌ಶಾಪುಗಳಲ್ಲಿ ಎಲ್ಲರಿಗೂ ಪರಿಚಿತವಾಗಿತ್ತು. ಇಪ್ಪತ್ತೊಂದನೆಯ ಶತಮಾನ ಕಾಲಿಡುತ್ತಿದ್ದಂತೆ ಆ ಕಾರ್ಖಾನೆ ಮುಚ್ಚಿತು.

ಪೊಲಾಳ್ವನಿಗೂ ಕಾರ್ಖಾನೆಗೂ ನೇರ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದು ಕಟ್ಟುಕಥೆ. ಆದರೆ ಎರಡಕ್ಕೂ ಒಂದು ಹೋಲಿಕೆಯಿದೆ. ಶಾಸನದಲ್ಲಿ ದಂಡನಾಯಕನ ಹೆಸರಿದೆ, ಕಂಬವನ್ನು ಕಡೆದವನು ಅಲ್ಲಿ ಉಂಗುರದ ಗೆರೆಯಾಗಿ ಮಾತ್ರ ಉಳಿದಿದ್ದಾನೆ. ಲೇತಿನ ಮೇಲೆ ಕಂಪನಿಯ ಹೆಸರಿದೆ, ಅದನ್ನು ಕಟ್ಟಿದ ಕೆಲಸಗಾರನ ಹೆಸರಿಲ್ಲ. ಹೊಳೆಯ ದಡಕ್ಕೆ ಬಂದರೂ ಅದೇ ಮಾತು. ತುಂಗಭದ್ರೆಗೆ 1868ರಲ್ಲಿ ಪೂರ್ಣಗೊಂಡ ಸೇತುವೆಗೆ ತಲಾ 60 ಅಡಿ ಅಗಲದ 14 ಕಮಾನುಗಳು, ಖರ್ಚು ಹತ್ತಿರ ಹತ್ತಿರ 3 ಲಕ್ಷ ರೂಪಾಯಿ ಎಂದು ಗೆಜೆಟಿಯರ್ ಬರೆದುಕೊಂಡಿದೆ. ಕಲ್ಲು ಹೊತ್ತವರ ಲೆಕ್ಕ ಅಲ್ಲಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಅಂದು ಆ ಹಿರಿಯರು ಇನ್ನೂ ಹೇಳುವವರಿದ್ದರು. ಬೆಳಕು ಇಳಿದಿತ್ತು, ಬ್ಯಾಟರಿ ಮುಗಿಯುತ್ತಿತ್ತು. “ಮುಂದಿನ ಸಲ ಬಂದಾಗ ರೆಕಾರ್ಡ್ ಮಾಡೋಣ ಸಾರ್” ಎಂದು ಹೇಳಿ ಹೊರಟೆ. ಮುಂದಿನ ಸಲ ಹೋದಾಗ ಅವರು ಇರಲಿಲ್ಲ. ಕಂಬಗಳ ಸೊಗಸಾದ ದೃಶ್ಯಗಳು ನಮ್ಮ ಸಂಗ್ರಹದಲ್ಲಿವೆ. ಆ ಗೆರೆಗಳನ್ನು ಓದಬಲ್ಲ ದನಿ ಇಲ್ಲ.

ಆದ್ದರಿಂದ ನಿಮಗೊಂದು ಕೆಲಸ ಹೇಳುತ್ತೇನೆ. ನಿಮ್ಮ ಬೀದಿಯಲ್ಲಿ ಹತ್ತಿಗಿರಣಿಯಲ್ಲಿ ನೂಲು ತೆಗೆದ ಅಜ್ಜಿ ಇರಬಹುದು, ಯಂತ್ರಪುರದಲ್ಲಿ ಲೇತ್ ಕಟ್ಟಿದ ತಾತ ಇರಬಹುದು, ಕಂಬಳಿ ನೇಯ್ದ ಮನೆಯವರಿರಬಹುದು. ಒಂದು ನೋಟ್‌ಬುಕ್ ಹಿಡಿದು ಹೋಗಿ. “ನಿಮ್ಮ ಕಾಲ ಹೇಗಿತ್ತು?” ಎಂದು ಕೇಳಬೇಡಿ, ಉತ್ತರ ಎರಡೇ ಮಾತಿನಲ್ಲಿ ಮುಗಿದುಹೋಗುತ್ತದೆ. “ಬೆಳಗಿನ ಪಾಳಿ ಎಷ್ಟು ಗಂಟೆಗೆ? ಯಂತ್ರ ಕೆಟ್ಟರೆ ಸದ್ದಿನಿಂದಲೇ ತಿಳಿಯುತ್ತಿತ್ತೇ? ಕೆಲಸವನ್ನು ನಿಮಗೆ ಕಲಿಸಿದವರು ಯಾರು?” ಎಂದು ಕೇಳಿ. ಅವರು ಹೇಳಿದ ಮಾತುಗಳಲ್ಲೇ ಬರೆದುಕೊಳ್ಳಿ, ದಿನಾಂಕ ಹಾಕಿ. ಇಸವಿಯನ್ನು ಇನ್ನೊಬ್ಬರಿಂದ, ಇಲ್ಲವೇ ಹಳೆಯ ಕಾಗದಪತ್ರಗಳಿಂದ ತಾಳೆ ನೋಡಿ. ಒಂದು ಪ್ರತಿಯನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ.

ಈ ಭಾನುವಾರವೇ ಹೋಗಿ. ಮುಂದಿನ ಸಲ ನೋಡೋಣ ಎನ್ನಬೇಡಿ.