ಸರಿದೂಗದ ಲೆಕ್ಕ



ಮನೆಯ ವಿದ್ಯುತ್ತಿನಿಂದಾಗುವ ಮಾಲಿನ್ಯಕ್ಕೆ ಪ್ರತಿಯಾಗಿ ಕಾರ್ಬನ್ ಕ್ರೆಡಿಟ್ ಕೊಂಡರೆ ಸಾಲದೇ ಎಂಬುದು ನಮ್ಮ ತರುಣರ ಪ್ರಶ್ನೆ. ಲೆಕ್ಕಪರಿಶೋಧಕನ ದೃಷ್ಟಿಯಿಂದ ಅದನ್ನು ಪರಿಶೀಲಿಸುತ್ತೇನೆ.

ಅಲಿಪುರದ ಮನೆಗಳಿಗೆ ವಿದ್ಯುತ್ತನ್ನು ಪೂರೈಸುವುದು ಸಿ.ಇ.ಎಸ್.ಸಿ. ಅದರ ದೊಡ್ಡ ಸ್ಥಾವರವಿರುವುದು ಹೂಗ್ಲಿ ತೀರದ ಬಜ್‌ಬಜ್‌ನಲ್ಲಿ. ಸಾಮರ್ಥ್ಯ 750 ಮೆಗಾವಾಟ್, ಇಂಧನ ಕಲ್ಲಿದ್ದಲು. ದೇಶದ ಸರಾಸರಿಯಂತೆ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ತಿಂಗಳಿಗೆ 300 ಯೂನಿಟ್ ಬಳಸುವ ಕುಟುಂಬದ ಪಾಲು ವರ್ಷಕ್ಕೆ ಸುಮಾರು ಎರಡೂವರೆ ಟನ್. ಈ ಅನಿಲ ಭೂಮಂಡಲದ ವಾಯುವಿನಲ್ಲೆಲ್ಲ ಬೆರೆಯುವುದರಿಂದ, ಬೇರೆಲ್ಲೋ ನಿಜವಾಗಿ ಉಳಿಸಿದ ಟನ್ನನ್ನು ಇಲ್ಲಿನ ಟನ್ನಿಗೆ ಎದುರಿಡಬಹುದು.

ಆದರೆ ಕಲ್ಲಿದ್ದಲಿನ ಚಿಮಣಿಯಿಂದ ಗಂಧಕದ ಡೈಆಕ್ಸೈಡೂ ಸಾರಜನಕದ ಆಕ್ಸೈಡುಗಳೂ ಹೊರಡುತ್ತವೆ. ಅವು ಕೆಲವೇ ದಿನಗಳಲ್ಲಿ ಆಮ್ಲವಾಗಿ, ಗಾಳಿ ಒಯ್ದ ಸೀಮೆಯಲ್ಲಿ ಮಳೆಯೊಡನೆ ಇಳಿಯುತ್ತವೆ. ಗ್ರಾನೈಟಿನ ಬೆಳ್ಗೊಳದ ಗೊಮ್ಮಟನಿಗೆ ಆಮ್ಲವನ್ನು ತಾಳುವ ಶಕ್ತಿ ಹೆಚ್ಚು. ಇಲ್ಲಿನ ವಿಕ್ಟೋರಿಯಾ ಸ್ಮಾರಕದ ಮಕ್ರಾನಾ ಅಮೃತಶಿಲೆಗೆ ಆ ಶಕ್ತಿಯಿಲ್ಲ. ಆದಾಯ ತೆರಿಗೆಯಲ್ಲಿ ಬಂಡವಾಳದ ನಷ್ಟವನ್ನು ಸಂಬಳದ ಆದಾಯದಿಂದ ಕಳೆಯಲಾಗದು, ಶೀರ್ಷಿಕೆಯೇ ಬೇರೆ. ಹಾಗೆಯೇ, ಇಂಗಾಲದ ಕ್ರೆಡಿಟ್ಟಿನಿಂದ ಗಂಧಕದ ಬಾಕಿ ತೀರದು.

ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಗಾಳಿಯ ಧೂಳಿನ ಕ್ಷಾರ ಆಮ್ಲವನ್ನು ತಗ್ಗಿಸುತ್ತದೆ ಎಂಬ ವಾದ ಸುಳ್ಳಲ್ಲ. ಆದರೂ ಸುಡುವ ರಾಶಿ ದೊಡ್ಡದು. ಗಂಧಕವು ಸೂಕ್ಷ್ಮ ಕಣವಾಗಿ ನಮ್ಮ ಶ್ವಾಸಕೋಶವನ್ನೂ ಸೇರುತ್ತದೆ. ಅಲ್ಲಿಗೆ ಧೂಳಿನ ರಕ್ಷೆಯಿಲ್ಲ. (ಧೂಳನ್ನು ರಕ್ಷಕನೆಂದು ಕರೆಯುವ ನಗರನೀತಿಯೂ ವಿಚಿತ್ರವೇ.) 2015ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಗಂಧಕದ ಮಿತಿಯನ್ನು ವಿಧಿಸಿ ಎರಡು ವರ್ಷಗಳ ಗಡುವು ಕೊಟ್ಟಿತು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2025ರ ಜುಲೈನಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚಿನ ಘಟಕಗಳಿಗೆ ಆ ಮಿತಿಯಿಂದಲೇ ವಿನಾಯಿತಿ ದೊರೆಯಿತು. ಗ್ರಾಹಕನ ಬಿಲ್ಲು ಏರುವುದೆಂಬುದು ಒಂದು ವಾದ. ಆ ಗ್ರಾಹಕರು ನಾವೇ; ಹೆಚ್ಚಿನ ಕೆಲವು ಪೈಸೆಗಳನ್ನು ಕೊಡಲು ಸಿದ್ಧರೆಂದು ನಮ್ಮ ಸಂಘಗಳಾದರೂ ಮಂತ್ರಾಲಯಕ್ಕೆ ಬರೆದಿವೆಯೇ?

ಬಳಸದ ಯೂನಿಟ್ಟಿನಲ್ಲಿ ಮಾತ್ರ ಎರಡೂ ಬಾಕಿಗಳು ಒಟ್ಟಿಗೆ ಇಳಿಯುತ್ತವೆ. ನಿಷ್ಪ್ರಯೋಜಕ ಹಿಂಸೆಗೆ ನಮ್ಮವರು ಅನರ್ಥದಂಡವೆಂದು ಹೆಸರಿಟ್ಟರು. ಮದುವೆಮನೆಯ ಮೂರು ದಿನಗಳ ದೀಪಾಲಂಕಾರವನ್ನು ಆ ಹೆಸರಿನಿಂದ ಕರೆಯಲು ನನಗೆ ಸಂಕೋಚವಿಲ್ಲ. ಮುಂದಿನ ಸಭೆಗೆ ಪ್ರತಿ ಕುಟುಂಬವೂ ಹನ್ನೆರಡು ತಿಂಗಳ ಬಿಲ್ಲುಗಳನ್ನು ತರಲಿ. ಕ್ರೆಡಿಟ್ಟಿನ ಮಾತಿಗೆ ಮೊದಲು ಯೂನಿಟ್ಟುಗಳನ್ನು ಕೂಡೋಣ.