ರಿಕವರಿ ನಂಬರ್ ನಿಮ್ಮದೇ ಇರಲಿ

ಮಗಳು ನನಗೊಂದು ಟ್ಯಾಬ್ ಕೊಡಿಸಿದಳು. ಅದರಲ್ಲಿ ಹಳೆಯ ಜಿಮೇಲ್ ತೆರೆಯಲು ಹೋದರೆ ಪಾಸ್‌ವರ್ಡ್ ನೆನಪಿಲ್ಲ. ಒಟಿಪಿ ಹೋಗುವುದು ನಮ್ಮ ಯಜಮಾನರ ನಂಬರಿಗೆ. ಅವರು ತೀರಿಕೊಂಡ ಮೇಲೆ ಆ ಸಿಮ್ ನಾವೇ ಬಂದ್ ಮಾಡಿಸಿದ್ದೆವು. ಅವರು ಕಳಿಸಿದ್ದ ಪತ್ರ, ಫೋಟೋಗಳೆಲ್ಲ ಒಳಗೇ ಉಳಿದವು.

ಅದಕ್ಕೇ ಹೇಳುತ್ತೇನೆ, ಇವತ್ತೇ ಗೂಗಲ್ ಅಕೌಂಟಿನ ಸೆಕ್ಯುರಿಟಿ ಭಾಗದಲ್ಲಿ ರಿಕವರಿ ನಂಬರ್ ಯಾರದೆಂದು ನೋಡಿ, ನಿಮ್ಮದನ್ನೇ ಹಾಕಿ.

ಟ್ಯಾಬ್‌ನಲ್ಲಿ ವಾಟ್ಸಾಪ್ ಬೇಕೆಂದರೆ, ಫೋನಿನ ವಾಟ್ಸಾಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ಟ್ಯಾಬ್‌ ತೋರಿಸುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರಾಯಿತು. ಆದರೆ ಫೋನಿನ ವಾಟ್ಸಾಪ್ 14 ದಿನ ಮುಟ್ಟದೇ ಬಿಟ್ಟರೆ ಟ್ಯಾಬ್‌ನದು ಲಾಗ್‌ಔಟ್ ಆಗುತ್ತದೆ. 6 ಅಂಕಿಯ ಪಿನ್ ಇಟ್ಟುಕೊಳ್ಳಿ. ಯಾರು ಕೇಳಿದರೂ ಒಟಿಪಿ ಹೇಳಬೇಡಿ.

ಮಕ್ಕಳು ಪಕ್ಕದಲ್ಲಿ ಕೂತು ತೋರಿಸಲಿ. ಒತ್ತುವವರು ಮಾತ್ರ ನೀವೇ ಆಗಿರಿ.